‘ಕೂ’ ಮೌನವಾದ ಮೇಲೆ: ಕನ್ನಡಕ್ಕೆ ಉಳಿದದ್ದೇನು?

ಪುಣೆ: ಕನ್ನಡದಲ್ಲೇ ಮೊದಲು ದನಿ ತೆರೆದ ‘ಕೂ’ ಜಾಲತಾಣ ನಾಲ್ಕೇ ವರ್ಷಗಳಲ್ಲಿ ಮೌನವಾಯಿತು. 2020ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇದನ್ನು ಮುಚ್ಚುತ್ತಿರುವುದಾಗಿ ಸ್ಥಾಪಕರಾದ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ 2024ರ ಜುಲೈ 3ರಂದು ಪ್ರಕಟಿಸಿದರು.

ತಂತ್ರಾಂಶಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರುತ್ತವೆ. ಕನ್ನಡದ ಸರದಿ ಬರುವುದು ಕೊನೆಗೆ, ಅದೂ ಅನುವಾದದ ರೂಪದಲ್ಲಿ. ಇಲ್ಲಿ ಕನ್ನಡ ಮೊದಲು, ಹಿಂದಿ ಮೊದಲಾದವು ಆಮೇಲೆ. ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್ ಆಡುವ ಹೊರನಾಡ ಕನ್ನಡಿಗರಿಗೆ ಇಂಥ ತಾಣದ ಬೆಲೆ ಬೇರೆಯೇ. ಅದು ಮುಚ್ಚಿದಾಗ ಆದ ನೋವು ಸಹಜವಾದದ್ದು.

ಆದರೆ ಅಭಿಮಾನದ ಕೊರತೆಯಿಂದ ‘ಕೂ’ ನಿಲ್ಲಲಿಲ್ಲ. ಉತ್ತುಂಗದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಮಂದಿ ಅದನ್ನು ಬಳಸುತ್ತಿದ್ದರೆಂದು ಸ್ಥಾಪಕರೇ ತಿಳಿಸಿದ್ದರು. ಬಳಕೆ ಉಚಿತ, ತಂತ್ರಜ್ಞಾನದ ವೆಚ್ಚ ದುಬಾರಿ. ಹೂಡಿಕೆದಾರರ ಹಣ ಬತ್ತಿತು. 2023ರಲ್ಲಿ ಸಿಬ್ಬಂದಿ ಕಡಿತವಾಯಿತು. ದೊಡ್ಡ ಸಂಸ್ಥೆಗಳೊಂದಿಗೆ ನಡೆದ ಮಾತುಕತೆಯೂ ಮುರಿದುಬಿತ್ತು. ಬರೆದವರ ಪ್ರೀತಿಯೊಂದರಿಂದಲೇ ಸರ್ವರ್ ಬಾಡಿಗೆ ತೀರುವುದಿಲ್ಲ. ದೊಡ್ಡ ಕಂಪನಿಯ ಆಸರೆಯೂ ಶಾಶ್ವತವಲ್ಲ. 2004ರಲ್ಲಿ ಹುಟ್ಟಿ ಭಾರತದ ಯುವಜನರ ಅಚ್ಚುಮೆಚ್ಚಾಗಿದ್ದ ಆರ್ಕುಟ್‌ಗೆ ಗೂಗಲ್ 2014ರ ಸೆಪ್ಟೆಂಬರ್ 30ರಂದು ತೆರೆ ಎಳೆಯಿತು.

ಹಾಗಾದರೆ ಉಳಿಯುವುದು ಯಾವುದು? ಉತ್ತರ ಪುಣೆಯಲ್ಲೇ ಇದೆ. ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ಒಗ್ಗಿಸಿದ ‘ಜಿಸ್ಟ್’ ತಂತ್ರಜ್ಞಾನ ಕಾನ್ಪುರದ ಐಐಟಿಯಲ್ಲಿ ಹುಟ್ಟಿ, 1988ರಲ್ಲಿ ಇಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್‌ನಲ್ಲಿ ಬೆಳೆಯಿತು. ಆ ಕಾಲದ ಜಿಸ್ಟ್ ಕಾರ್ಡುಗಳು ಮೂಲೆ ಸೇರಿವೆ. ಆದರೆ ಅದೇ ಕಾಲದಲ್ಲಿ ಎಲ್ಲರಿಗೂ ಸಮಾನವಾಗಿ ರೂಪುಗೊಂಡ ‘ಇಸ್ಕಿ’ ಸಂಕೇತ ಪದ್ಧತಿಯ 1988ರ ರೂಪವೇ ಯುನಿಕೋಡ್‌ನ ಕನ್ನಡ ವಿಭಾಗಕ್ಕೆ ತಳಹದಿಯಾಯಿತು. ಇಂದು ಮೊಬೈಲಿನಲ್ಲಿ ಮೂಡುವ ಕನ್ನಡದ ಹಿಂದೆ ಅದರ ನೆರಳಿದೆ. ಒಬ್ಬರ ಒಡೆತನದ ಸರಕು ಅಳಿದರೂ ಎಲ್ಲರಿಗೂ ಸೇರಿದ ಮಾನದಂಡ ಉಳಿದೀತು.

ಕನ್ನಡ ಸಂಘಗಳು ಗಮನಿಸಬೇಕಾದ ಸಂಗತಿ ಇದು. ರಾಜ್ಯೋತ್ಸವದ ಚಿತ್ರಗಳು, ನಾಟಕಗಳ ದಾಖಲೆ, ಸದಸ್ಯರ ಕವಿತೆಗಳು ಇಂದು ವಾಟ್ಸ್‌ಆಪ್, ಫೇಸ್‌ಬುಕ್‌ಗಳಲ್ಲೇ ಉಳಿದುಬಿಡುತ್ತಿವೆ. ಹಿಂದಿನ ಸ್ಮರಣ ಸಂಚಿಕೆಗಳೋ ಹಳೆಯ ಫಾಂಟುಗಳಲ್ಲಿ ಸಿಲುಕಿವೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಾಗದ ಚಿಹ್ನೆಗಳು ಮಾತ್ರ. ಅವನ್ನು ಬಲ್ಲವರು ಇರುವಾಗಲೇ ಯುನಿಕೋಡ್‌ಗೆ ಬದಲಾಯಿಸಿ, ಒಂದು ಪ್ರತಿಯನ್ನು ಸಂಘದ ಕಂಪ್ಯೂಟರಿನಲ್ಲೂ ಮುದ್ರಿತ ಪ್ರತಿಯನ್ನು ಗ್ರಂಥಾಲಯದಲ್ಲೂ ಇಡುವುದು ಲೇಸು. ಇದಕ್ಕೆ ಬೇಕಾದುದು ದೊಡ್ಡ ಹಣವಲ್ಲ, ಕೆಲವು ಭಾನುವಾರಗಳ ಬಿಡುವು. ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಕನ್ನಡ ಯುವಕ-ಯುವತಿಯರಿಗೆ ಈ ನಗರದಲ್ಲಿ ಕೊರತೆಯೂ ಇಲ್ಲ.