ಕ್ರಯಪತ್ರದಲ್ಲಿ ಜಾಲಿಗೂ ಒಂದು ಸಾಲು

ಚಳ್ಳಕೆರೆ, ಮೊಳಕಾಲ್ಮುರು ಕಡೆ ಮನೆ, ನಿವೇಶನ, ಹೊಲ ಯಾವುದು ಕೈ ಬದಲಾದರೂ ಕ್ರಯಪತ್ರದಲ್ಲಿ ಬರೆಯದೆ ಬಿಡುವ ಸಂಗತಿ ಕಡಿಮೆ. ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಯುತ್ತಾರೆ. ಸಾಲ, ಜಪ್ತಿ, ಜೀವನಾಂಶ, ಕೋರ್ಟು ವ್ಯಾಜ್ಯ ಯಾವುದೂ ಇಲ್ಲವೆಂದು ಬರೆಯುತ್ತಾರೆ. ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಸಮೇತ ಬಿಟ್ಟುಕೊಟ್ಟಿದ್ದೇನೆಂದು ಹಳೆಯ ಶಾಸನಗಳ ಗತ್ತಿನಲ್ಲೂ ಬರೆಯುತ್ತಾರೆ. ಆದರೆ ಅದೇ ಜಾಗದಲ್ಲಿ ವರ್ಷಗಟ್ಟಲೆ ಬಳ್ಳಾರಿ ಜಾಲಿ ಬೆಳೆದಿತ್ತು, ರಿಜಿಸ್ಟ್ರಿಗೆ ಸ್ವಲ್ಪ ಮುಂಚೆ ಜೆಸಿಬಿ ತರಿಸಿ ಕೆರೆಸಿದ್ದೇವೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಬರೆಯಬೇಕು ಎಂಬುದು ನನ್ನ ವಾದ. ಮಾರುವವರನ್ನು ಕಟಕಟೆಗೆ ಹತ್ತಿಸಲು ಹೇಳುತ್ತಿರುವ ಮಾತಲ್ಲ ಇದು. ಕೆರೆಸಿದ ನೆಲ ಕಣ್ಣಿಗೆ ಚೊಕ್ಕಟವಾಗಿ ಕಾಣುತ್ತದೆ, ಒಳಗೆ ಚೊಕ್ಕಟವಾಗಿರುವುದಿಲ್ಲ. ಜಾಲಿಯನ್ನು ಮತ್ತೆ ಮತ್ತೆ ಕೀಳಿಸುವ ಖರ್ಚು, ಏನೂ ಗೊತ್ತಿಲ್ಲದೆ ಕೊಂಡವರ ತಲೆಗೆ ಬೀಳುತ್ತದೆ.

ಈ ಗಿಡದ ಬದುಕು ತಿಳಿದರೆ ಮಾತು ಸ್ಪಷ್ಟವಾಗುತ್ತದೆ. ಬಳ್ಳಾರಿ ಹೆಸರು ಹೊತ್ತಿದ್ದರೂ ಇದು ಅಮೆರಿಕ ಖಂಡದ್ದು, ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಪ್ರೊಸೊಪಿಸ್ ಜೂಲಿಫ್ಲೋರಾ. ಜಮೈಕಾದಿಂದ ತರಿಸಿದ ಬೀಜವನ್ನು 1877ರಲ್ಲಿ ಮದ್ರಾಸ್ ಪ್ರಾಂತ್ಯದ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಿದ್ದರು. ಬರಸೀಮೆಗೆ ಸೌದೆಯಾಗಲಿ, ಬಂಜರು ಹಸಿರಾಗಲಿ ಎಂಬ ಉದ್ದೇಶ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಚಳ್ಳಕೆರೆ ಸೀಮೆಗೆ ಇಂಥ ಗಿಡ ಒಗ್ಗದೆ ಇರುತ್ತದೆಯೇ? ಸಿಹಿಯಾದ ಕಾಯನ್ನು ದನ, ಕುರಿ, ಮೇಕೆ ಆಸೆಪಟ್ಟು ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜ ಸಗಣಿ, ಹಿಕ್ಕೆಯ ಜೊತೆ ಹೊರಬಂದು ಗೊಬ್ಬರ ಸಮೇತ ನೆಲ ಸೇರುತ್ತದೆ. ಹಾಗೆ ಸೇರಿದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲದು. ಇನ್ನು ಬುಡ. ಚಿಗುರುವ ಮೊಗ್ಗುಗಳು ಇರುವುದು ನೆಲದ ಮಟ್ಟದಿಂದ ಕೆಳಗೆ, ಬೇರಿನ ಕತ್ತಿನಲ್ಲಿ. ಅದಕ್ಕೇ ಮೇಲೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ನಾಲ್ಕಾರು ಬರುತ್ತವೆ. ಜೆಸಿಬಿಯ ಬಕೆಟ್ಟು ನೆಲ ಸವರಿಕೊಂಡು ಹೋದರೆ ಆಗುವುದೂ ಇಷ್ಟೇ. ಸುಮಾರು ಒಂದು ಅಡಿ ಆಳಕ್ಕೆ ಹೋಗಿ ಬುಡ ಸಮೇತ ಎತ್ತಬೇಕು, ಆಮೇಲೂ ಪ್ರತಿ ಮಳೆಗಾಲ ಹುಟ್ಟುವ ಸಸಿಯನ್ನು ಕೀಳುತ್ತಿರಬೇಕು. ಬೇಸಿಗೆಯಲ್ಲಿ ನೋಡಿದ ಬೋಳು ನಿವೇಶನ ಮುಂಗಾರಿನ ಮೊದಲ ಹದಕ್ಕೇ ಬಣ್ಣ ಬದಲಿಸುವುದರ ಗುಟ್ಟು ಇದು. ಗುಜರಾತಿನ ಕಚ್ಛ್‌ನಲ್ಲಿ ಬನ್ನಿ ಹುಲ್ಲುಗಾವಲಿನ ಅಂಚಿಗೆ 1961ರಲ್ಲಿ ಅರಣ್ಯ ಇಲಾಖೆ ಇದನ್ನೇ ನೆಟ್ಟಿತು. ಅದು ಹುಲ್ಲುಗಾವಲಿನ ಒಳಕ್ಕೆ ನುಗ್ಗಿ, ಅಲ್ಲಿಯ ದನಗಾಹಿಗಳ ಬಾಯಲ್ಲಿ ‘ಗಾಂಡೋ ಬಾವಳ್’, ಹುಚ್ಚು ಜಾಲಿ, ಆಯಿತು. ಒಮ್ಮೆ ಹಬ್ಬಿದ ಮೇಲೆ ತೆಗೆಯುವುದು ಸರ್ಕಾರಕ್ಕೇ ಕಷ್ಟವಾದದ್ದು ಮೂವತ್ತು ಅಡಿ ನಿವೇಶನ ಕೊಂಡ ಶಿಕ್ಷಕನೊಬ್ಬನಿಗೆ ಸುಲಭವಾದೀತೆ?

ಕ್ರಯಪತ್ರದಲ್ಲಿ ಇದನ್ನು ಬರೆಸಲು ಹೊಸ ಕಾನೂನು ಬರಲೆಂದು ಯಾರೂ ಕಾಯಬೇಕಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಮಾರುವವನ ಕರ್ತವ್ಯಗಳನ್ನು ಹೇಳುವಾಗ ಮೊದಲಿಗೇ ಈ ಮಾತು ಎತ್ತುತ್ತದೆ: ಸ್ವತ್ತಿನಲ್ಲಿ ಗಣನೀಯ ದೋಷವಿದ್ದು, ಅದು ಮಾರುವವನಿಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದೆ ಇದ್ದು, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನಿಗೆ ಕಾಣದಂಥದ್ದಾಗಿದ್ದರೆ, ಅದನ್ನು ಹೇಳಲೇಬೇಕು. ಹೇಳದೆ ಬಿಟ್ಟರೆ ಅದು ವಂಚನೆ ಎಂದೂ ಅದೇ ಕಲಂ ಹೇಳುತ್ತದೆ. ಪಕ್ಷಗಾರರು ಬೇರೆ ರೀತಿ ಕರಾರು ಮಾಡಿಕೊಂಡಿದ್ದರೆ ಮಾತು ಬೇರೆ. ಇದಕ್ಕೆ ಕೂಡಲೇ ಬರುವ ಆಕ್ಷೇಪ ಗೊತ್ತೇ ಇದೆ: ಜಾಲಿ ಬಚ್ಚಿಡುವ ವಸ್ತುವೇ? ಜಾತ್ರೆಯಲ್ಲಿ ಹಲ್ಲು ಹಿಡಿದು ನೋಡದೆ ಎತ್ತು ಕೊಳ್ಳದ ಸೀಮೆಯಲ್ಲಿ, ನೆಲ ಕೊಳ್ಳುವವನು ಕಣ್ಣು ಬಿಟ್ಟು ನೋಡಬೇಡವೇ? ಗಿಡ ನಿಂತಿದ್ದರೆ ಈ ಆಕ್ಷೇಪ ಸರಿ. ಆಳೆತ್ತರದ ಮುಳ್ಳುಪೊದೆ ಕಣ್ಣೆದುರಿಗಿರುವಾಗ ‘ನನಗೆ ಹೇಳಲಿಲ್ಲ’ ಎನ್ನುವವನ ದೂರನ್ನು ಯಾರೂ ಕಿವಿಗೆ ಹಾಕಿಕೊಳ್ಳಬೇಕಿಲ್ಲ. ಗಿಡವನ್ನು ಮೇಲ್ಮಟ್ಟಕ್ಕೆ ಕೆರೆದು, ಮೇಲೆ ಒಂದು ಲೋಡು ಕೆಂಪು ಮಣ್ಣು ಹರಡಿ ‘ಕ್ಲೀನ್ ಸೈಟ್’ ಎಂದು ತೋರಿಸಿದಾಗ ಸ್ಥಿತಿ ಪೂರ್ತಿ ತಿರುಗುತ್ತದೆ. ಯಾವ ಎಚ್ಚರಿಕೆಯ ಕಣ್ಣಿಗೂ ಬೇರು ಕಾಣದು, ಬೀಜ ಕಾಣದು. ಕಾಣುತ್ತಿದ್ದ ದೋಷವನ್ನು ಕಾಣದ ದೋಷ ಮಾಡಿದ್ದು ಮಾರಿದವನ ಕೈಯೇ. ನನ್ನ ದೃಷ್ಟಿಯಲ್ಲಿ 55ನೇ ಕಲಂ ಇಂಥ ಸಂದರ್ಭಕ್ಕೇ ಹೇಳಿ ಮಾಡಿಸಿದಂತಿದೆ.

ಇಂಗ್ಲೆಂಡ್ ಇದನ್ನು ಬೇರೆ ಗಿಡದಿಂದ ಕಲಿತಿದೆ. ಜಪಾನೀಸ್ ನಾಟ್‌ವೀಡ್ ಎಂಬ ಗಿಡದ ಬೇರು ಅಲ್ಲಿಯ ಹಿತ್ತಲುಗಳಲ್ಲಿ ಹಬ್ಬಿ, ಮನೆ ಮಾರುವವರು ತುಂಬುವ ಮಾಹಿತಿ ನಮೂನೆಯಲ್ಲೇ ಆ ಗಿಡದ ಬಗ್ಗೆ ನೇರ ಪ್ರಶ್ನೆ ಸೇರಿತು. ‘ಇದೆ’, ‘ಇಲ್ಲ’, ‘ಗೊತ್ತಿಲ್ಲ’ ಎಂಬ ಮೂರು ಉತ್ತರಗಳು. ‘ಇಲ್ಲ’ ಎಂದು ಗುರುತು ಹಾಕಿದ ಲಂಡನ್ನಿನ ಮಾರಾಟಗಾರನೊಬ್ಬ 2023ರಲ್ಲಿ ಮೊಕದ್ದಮೆ ಸೋತು, ಪರಿಹಾರ ಮತ್ತು ಕೋರ್ಟು ಖರ್ಚು ಸೇರಿ ಸುಮಾರು 2 ಲಕ್ಷ ಪೌಂಡ್ ಹೊಣೆ ಹೊರಬೇಕಾಯಿತು. ಅಲ್ಲಿಂದ ಕಲಿಯುವ ಇನ್ನೊಂದು ಪಾಠವೂ ಇದೆ. ಗಿಡ ಕಂಡರೆ ಮನೆಯೇ ಕುಸಿಯಿತು ಎಂಬಂತೆ ಬ್ಯಾಂಕುಗಳು ಸಾಲ ನಿರಾಕರಿಸುವ ಮಟ್ಟಕ್ಕೆ ಭಯ ಬೆಳೆದಿತ್ತು. 2018ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದವರೂ ಸೇರಿ ನಡೆಸಿದ ಅಧ್ಯಯನ, ಕಟ್ಟಡಕ್ಕೆ ಇದರಿಂದಾಗುವ ಹಾನಿ ಬೇರೆ ಮರಗಿಡಗಳಿಗಿಂತ ಹೆಚ್ಚೇನಲ್ಲ ಎಂದಿತು. ನಮ್ಮಲ್ಲೂ ಜಾಲಿ ಗೋಡೆ ಕೆಡವುತ್ತದೆ, ಬೋರ್‌ವೆಲ್ ಬತ್ತಿಸುತ್ತದೆ ಎಂದು ಹೆದರಿಸಿ ಬೆಲೆ ಇಳಿಸುವ ವ್ಯಾಪಾರ ಹುಟ್ಟಬಾರದು. ಕೇಳಬೇಕಾದ್ದು ಒಂದೇ ಲೆಕ್ಕ: ತೆಗೆಸಲು, ಮತ್ತೆ ಬಾರದಂತೆ ನೋಡಿಕೊಳ್ಳಲು ಎಷ್ಟಾಗುತ್ತದೆ?

ಬರೆಯುವ ಮೊದಲು ಗಿಡ ಯಾವುದೆಂದು ಗೊತ್ತಿರಬೇಕು. ಇಲ್ಲಿ ಅವಸರ ಮಾಡಿದರೆ ನಷ್ಟ ನಮ್ಮ ಮರಗಳಿಗೇ. ಹಳೇ ಅಮೃತಮಹಲ್ ಕಾವಲುಗಳ ಈ ಸೀಮೆಯಲ್ಲಿ ಕರಿಜಾಲಿ ಇದೆ, ಬಿಳಿಜಾಲಿ ಇದೆ, ವಿಜಯದಶಮಿಗೆ ಪೂಜೆಗೊಳ್ಳುವ ಬನ್ನಿಯೂ ಇದೆ. ಮುಳ್ಳು ಕಂಡದ್ದೆಲ್ಲ ಬಳ್ಳಾರಿ ಜಾಲಿ ಎಂದುಕೊಂಡ ಜೆಸಿಬಿಗೆ ಇವೆಲ್ಲ ಒಂದೇ. ಕರಿಜಾಲಿಯ ಹೂವು ಹಳದಿ ಉಂಡೆ, ಕಾಯಿ ಮಣಿಸರದಂತೆ ನಡುನಡುವೆ ಸಣ್ಣಗಾಗಿರುತ್ತದೆ. ಬಿಳಿಜಾಲಿಯದು ಕೆನೆಬಣ್ಣದ ಉಂಡೆಹೂವು. ಬಳ್ಳಾರಿ ಜಾಲಿಯ ಹೂವು ಬೆರಳುದ್ದದ ಜೋಲುಕದಿರು, ಕಾಯಿ ಬಲಿತಾಗ ಹಳದಿಯಾಗುವ ಚಪ್ಪಟೆ ಕೋಡು, ಮುಳ್ಳು ಗೆಣ್ಣಿನಲ್ಲಿ. ಬನ್ನಿಯ ಹೂವೂ ಕದಿರೇ, ಅದಕ್ಕೇ ಗೊಂದಲ ಹೆಚ್ಚು. ಆದರೆ ಬನ್ನಿಯ ಮುಳ್ಳು ಚಿಕ್ಕದು, ಗೆಣ್ಣುಗಳ ನಡುವೆ ಕಾಂಡದ ಮೇಲೆಲ್ಲ ಚದುರಿರುತ್ತದೆ. ಸಂಶಯ ಉಳಿದರೆ ‘ಸಂಶಯವಿದೆ’ ಎಂದೇ ಬರೆಯಬಹುದು, ಅದೂ ಪ್ರಾಮಾಣಿಕ ಮಾಹಿತಿಯೇ. ಬಳ್ಳಾರಿ ಜಾಲಿಯೇ ಎಂದು ಖಚಿತವಾದರೆ ತೆಗೆಸಲು ಕಾನೂನಿನ ಅಡ್ಡಿಯೂ ಇಲ್ಲ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಕಡಿಯುವ ಅನುಮತಿಯಿಂದ ವಿನಾಯಿತಿ ಕೊಟ್ಟ ಮರಗಳಲ್ಲಿ ಪ್ರೊಸೊಪಿಸ್ ಸೇರಿದೆ.

ಜಾಲಿಯನ್ನು ದೋಷ ಎನ್ನುವುದಕ್ಕೇ ಕೆಲವರ ತಕರಾರು. ಬರಗಾಲದಲ್ಲಿ ಒಲೆ ಉರಿಸಿದ್ದು ಇದೇ, ಇದ್ದಿಲು ಸುಟ್ಟು ಬದುಕಿದವರಿದ್ದಾರೆ, ಬೇಲಿಗೆ ಇದಕ್ಕಿಂತ ಅಗ್ಗದ್ದಿಲ್ಲ. ಎಲ್ಲವೂ ನಿಜ. ತಮಿಳುನಾಡಿನಲ್ಲಿ 2017ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಈ ಗಿಡದ ತೆರವಿಗೆ ಆದೇಶ ಕೊಟ್ಟಿತು. ಅದೇ ವರ್ಷ ಹೈಕೋರ್ಟೇ ತೆರವಿಗೆ ತಡೆ ಕೊಟ್ಟು, ಒಳಿತು ಕೆಡುಕಿನ ಬಗ್ಗೆ ತಜ್ಞರ ಅಭಿಪ್ರಾಯ ಕೇಳಿತು. ಆ ಚರ್ಚೆ ಮುಗಿಯುವವರೆಗೆ ಕ್ರಯಪತ್ರ ಕಾಯಬೇಕಿಲ್ಲ. ಇದ್ದದ್ದನ್ನು ಇದ್ದಂತೆ ಬರೆದರೆ, ಸೌದೆ ಬೇಕಾದವನು ಅದನ್ನು ಆದಾಯವೆಂದು ಓದುತ್ತಾನೆ, ಮನೆ ಕಟ್ಟುವವನು ಖರ್ಚೆಂದು ಓದುತ್ತಾನೆ.

ನನಗೆ ನಿಜವಾಗಿ ತೂಕದ್ದೆನಿಸುವ ಆಕ್ಷೇಪ ಬಡ ಮಾರಾಟಗಾರನದು. ಮಳೆ ಕೈಕೊಟ್ಟು, ಬೋರ್‌ವೆಲ್ ಒಣಗಿ, ಶೇಂಗಾ ಬಿತ್ತನೆ ನಿಲ್ಲಿಸಿ ಗುಳೆ ಹೋದವನ ಹೊಲವೇ ಬೀಳು ಬಿದ್ದು ಜಾಲಿ ಹಿಡಿಯುವುದು. ಊರು ಬಿಟ್ಟ ಮನೆತನದ ಹಿತ್ತಲೇ ಮುಳ್ಳು ಹೊದ್ದುಕೊಳ್ಳುವುದು. ಅವನ ಬಾಯಿಂದಲೇ ದೋಷ ಬರೆಸಿದರೆ ಬೆಲೆ ಇನ್ನೂ ಬೀಳುವುದಿಲ್ಲವೇ? ಬೀಳಬಹುದು. ಆದರೆ ನಡೆಯುವ ವ್ಯವಹಾರದ ದಾರಿ ಹಿಡಿದು ಯೋಚಿಸಿ. ‘ಜಾಲಿ ಬಿದ್ದ ಹೊಲ, ಯಾರು ತಗೋತಾರೆ’ ಎಂದು ಬೆಲೆ ಇಳಿಸಲು ದಲ್ಲಾಳಿಗೆ ಯಾವ ನಮೂನೆಯೂ ಬೇಕಿಲ್ಲ, ಕಣ್ಣೆದುರಿಗಿನ ಗಿಡ ಸಾಕು. ಹಾಗೆ ಅಗ್ಗಕ್ಕೆ ಕೊಂಡವನು ಜೆಸಿಬಿ ಹೊಡೆಸಿ, ಕಲ್ಲು ನೆಟ್ಟು, ನಿವೇಶನವಾಗಿ ಮಾರುವಾಗ ಮೌನ ಅವನಿಗೆ ಲಾಭ ತರುತ್ತದೆಯೇ ಹೊರತು ಮೂಲ ರೈತನಿಗಲ್ಲ. ಕುದಾಪುರಕ್ಕೆ ಭಾರತೀಯ ವಿಜ್ಞಾನ ಸಂಸ್ಥೆ, ಜೊತೆಗೆ ಡಿಆರ್‌ಡಿಒ, ಇಸ್ರೊ, ಬಿಎಆರ್‌ಸಿ ಚಳ್ಳಕೆರೆಯ ಕಾವಲುಗಳಿಗೆ ಬಂದ ಮೇಲೆ, 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳು ಹೋಗಿ ರೈತರಲ್ಲದವರೂ ಹೊಲ ಕೊಳ್ಳಬಹುದಾದ ಮೇಲೆ, ಕೊಳ್ಳುವವರಲ್ಲಿ ಈ ನೆಲದ ಗುಣ ಅರಿಯದ ದೂರದವರೂ ಸೇರಿದ್ದಾರೆ. ಊರಿನವನಿಗೆ ಜಾಲಿಯ ಕೂಳೆ ಗೊತ್ತು, ಬೆಂಗಳೂರಿನಿಂದ ಬಂದವನಿಗೆ ಗೊತ್ತಿಲ್ಲ. ತೆಗೆಸುವ ಖರ್ಚನ್ನು ಅಂಕಿಯಲ್ಲಿ ಬರೆದುಬಿಟ್ಟರೆ ರೈತನಿಗೂ ಒಂದು ರಕ್ಷಣೆ ಇದೆ: ಚೌಕಾಸಿ ಆ ಅಂಕಿಯನ್ನು ದಾಟಿ ಹೋದರೆ ಅದು ಜಾಲಿಯ ನೆಪ ಎಂದು ಬಯಲಾಗುತ್ತದೆ.

ಪಕ್ಕದ ಹಳ್ಳದಿಂದ, ಕೆರೆಯಂಗಳದಿಂದ, ರಸ್ತೆ ಬದಿಯಿಂದ ಬೀಜ ಬಂದರೆ ಮಾರಿದವನೇನು ಮಾಡಬೇಕು ಎಂದೂ ಕೇಳುತ್ತಾರೆ. ಏನೂ ಮಾಡಬೇಕಿಲ್ಲ, ಮುಂದೆ ಹುಟ್ಟುವುದಕ್ಕೆ ಖಾತರಿ ಕೊಡಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ, ತಿಳಿದದ್ದನ್ನು ಹೇಳಿ ಎಂದಷ್ಟೇ. ಇದನ್ನೆಲ್ಲ ಸರ್ಕಾರವೇ ನೋಡಿಕೊಳ್ಳಲಿ ಎನ್ನೋಣವೆಂದರೆ ಸರ್ಕಾರದ ನೆನಪೂ ಚಿಕ್ಕದೇ. ಕಾಂಗ್ರೆಸ್ ಗಿಡ ಎಂದು ಕರೆಯುವ ಪಾರ್ಥೇನಿಯಂ ಅನ್ನು ರಾಜ್ಯ 1968ರ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆಯಡಿ 1975ರಲ್ಲೇ ಹಾನಿಕಾರಕ ಕಳೆ ಎಂದು ಸಾರಿತ್ತು. ಆ ಗಿಡ ಇಂದಿಗೂ ಖಾಲಿ ನಿವೇಶನಗಳಲ್ಲಿ ಎದೆಯೆತ್ತರ ನಿಂತಿದೆ, ಮೈಮುಟ್ಟಿದರೆ ತುರಿಕೆ ಏಳಿಸುತ್ತದೆ, ನಿವೇಶನ ಮಾತ್ರ ಕೈಯಿಂದ ಕೈಗೆ ದಾಟುತ್ತಲೇ ಇದೆ. ಹಾಗಾಗಿ ಮೇಲಿನಿಂದ ಆದೇಶ ಬರಲಿ ಎಂದು ಕಾಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಪಹಣಿಯಲ್ಲಿ ಮರಗಳಿಗೆಂದೇ ಅಂಕಣವಿದ್ದರೂ ಅದರ ಮೇಲೆ ಭರವಸೆ ಇಡುವಂತಿಲ್ಲ.

ಕೆಲಸ ಆಗುವುದಿದ್ದರೆ ಪತ್ರ ಬರೆಯುವವರ ಮೇಜಿನ ಮೇಲೆ ಆಗಬೇಕು. ಇಂಥ ವರ್ಷದವರೆಗೆ ಸ್ವತ್ತಿನಲ್ಲಿ ಬಳ್ಳಾರಿ ಜಾಲಿ ಇತ್ತು, ಇಂಥ ತಿಂಗಳು ಬುಡ ಸಮೇತ ಅಥವಾ ಮೇಲ್ಮಟ್ಟಕ್ಕೆ ತೆಗೆಸಲಾಗಿದೆ, ಉಳಿದ ತೆರವಿನ ಖರ್ಚು ಇಷ್ಟೆಂದು ಅಂದಾಜಿಸಿ ಬೆಲೆಯಲ್ಲಿ ಹೊಂದಿಸಲಾಗಿದೆ. ಋಣಭಾರದ ಸಾಲಿನ ಕೆಳಗೆ ಇಷ್ಟು ಸೇರಿಸಲು ಯಾವ ತಿದ್ದುಪಡಿಯೂ ಬೇಕಿಲ್ಲ, ಹೆಚ್ಚುವರಿ ಶುಲ್ಕವೂ ಇಲ್ಲ. ಮಾರುವವರೇ, ಬರೆಸಿ, ನಾಳೆಯ ವ್ಯಾಜ್ಯದಲ್ಲಿ ನಿಮ್ಮನ್ನು ಕಾಯುವುದು ಅದೇ ಸಾಲು. ಕೊಳ್ಳುವವರೇ, ಮುಂಗಡ ಕೊಡುವ ಮುನ್ನ ಒಂದು ಮಳೆಯಾದ ಮೇಲೆ ಹೋಗಿ ಜಾಗ ನೋಡಿ, ಪಕ್ಕದ ಹೊಲದವರನ್ನು ಕೇಳಿ. ಆ ಸಾಲನ್ನು ಬರೆಯಲು ಒಪ್ಪದವರ ಕೈಗೆ ಮುಂಗಡ ಕೊಡಬೇಡಿ.