ಮನೆಯ ಕಂಪ್ಯೂಟರಿಗೆ ಎಷ್ಟು ಕಾವಲು ಬೇಕು?

ಹೋದ ತಿಂಗಳು ಒಂದು ಸಂಜೆ ನಾವು ದೇವರ ಮನೆಯಲ್ಲಿ ದೀಪ ಹಚ್ಚಿ ಹೊರಗೆ ಬರುವಷ್ಟರಲ್ಲಿ ಎದುರುಮನೆಯ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಅವರು ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ದುಡಿದು ನಿವೃತ್ತರಾದವರು. ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದರೆ ಯಾವ ಯಂತ್ರಕ್ಕೂ ಅಂಜದವರು. ಅಂತಹವರ ಮುಖವು ಅಂದು ಬಾಡಿದ್ದಿತು.

“ಮೇಷ್ಟ್ರೇ, ನನ್ನ ಕಂಪ್ಯೂಟರು ಮೂರು ದಿನದಿಂದ ನನ್ನನ್ನು ಗದರಿಸ್ತಾ ಇದೆ. ರಕ್ಷಣೆಯ ಅವಧಿ ಮುಗೀತು, ಅಪಾಯದಲ್ಲಿದ್ದೀರಿ, ಈಗಲೇ ಹಣ ಕಟ್ಟಿ ಅಂತ ಕೆಂಪಕ್ಷರದಲ್ಲಿ ಬರುತ್ತೆ. ಅಂಗಡಿಯವನನ್ನು ಕೇಳಿದರೆ ಮೂರು ವರ್ಷದ್ದು ಒಟ್ಟಿಗೆ ಕಟ್ಟಿಬಿಡಿ ಅಂತಾನೆ. ಕಟ್ಟಲೋ ಬೇಡವೋ, ನೀವೇ ಹೇಳಿ.”

“ಒಳಗೆ ಬನ್ನಿ ಸ್ವಾಮಿ, ಮೊದಲು ಕೂತುಕೊಳ್ಳಿ. ಆ ಕಂಪ್ಯೂಟರಿನಲ್ಲಿ ಏನೇನು ಇಟ್ಟಿದ್ದೀರಿ?”

ಈ ಪ್ರಶ್ನೆಯನ್ನು ಅವರು ನಿರೀಕ್ಷಿಸಿರಲಿಲ್ಲ. ಕೊಂಚ ಹೊತ್ತು ಯೋಚಿಸಿ, ಪಿಂಚಣಿಯ ಕಾಗದಗಳು, ಮನೆಯ ಖಾತೆಪತ್ರದ ನಕಲು, ಬ್ಯಾಂಕಿನ ವ್ಯವಹಾರ, ಹೊರದೇಶದಲ್ಲಿರುವ ಮೊಮ್ಮಕ್ಕಳ ಚಿತ್ರಗಳು ಎಂದು ಒಂದೊಂದಾಗಿ ಹೇಳಿದರು. ಆ ಚಿತ್ರಗಳಿಗೆ ಬೇರೆ ಪ್ರತಿಯುಂಟೆ ಎಂದು ಕೇಳಲು, “ಇಲ್ಲ, ಅದರಲ್ಲೇ ಇವೆಯಲ್ಲ!” ಎಂದರು.

ಇಂತಹ ವಿಷಯದಲ್ಲಿ ಬುದ್ಧಿ ಹೇಳುವ ಪಾಂಡಿತ್ಯ ನಮಗಿದೆಯೆಂದು ವಾಚಕರು ಭಾವಿಸಬಾರದು. ಶಬ್ದರೂಪ ಧಾತುರೂಪಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದರಲ್ಲಿ ನಮ್ಮ ಆಯುಷ್ಯ ಕಳೆಯಿತು. ಆದರೆ ಒಮ್ಮೆ ಕೈ ಸುಟ್ಟುಕೊಂಡವನು ಬೆಂಕಿಯ ವಿಷಯವಾಗಿ ನಾಲ್ಕು ಮಾತು ಆಡಬಹುದಷ್ಟೆ. ನಾವು ಸುಟ್ಟುಕೊಂಡದ್ದು 2019ರಲ್ಲಿ.

ಆಗ ನಮ್ಮ ಕಂಪ್ಯೂಟರಿನಲ್ಲಿ ಹಣ ತೆತ್ತು ತಂದ ರಕ್ಷಣಾ ತಂತ್ರಾಂಶವೇ ಇದ್ದಿತು. ದೇವನಾಗರಿ ಕನ್ನಡಗಳೆರಡನ್ನೂ ಅಂದವಾಗಿ ಜೋಡಿಸಿಕೊಡುವ ಒಂದು ಅಚ್ಚಿನ ತಂತ್ರಾಂಶ ನಮಗೆ ಬೇಕಾಗಿದ್ದು, ಅದರ ಬೆಲೆ ಕೇಳಿ ಹಿಂಜರಿದಿದ್ದೆವು. ಅಕ್ಕನ ಮಗನು ಅದನ್ನೇ ಪುಕ್ಕಟೆಯಾಗಿ ಒಂದು ಪೆನ್‌ಡ್ರೈವಿನಲ್ಲಿ ತಂದುಕೊಟ್ಟನು. ಪುಕ್ಕಟೆಯೆಂದರೆ ಕದ್ದ ಮಾಲೆಂದೇ ಅರ್ಥ. ಅದು ನಮಗೆ ತಿಳಿಯದೆ ಇರಲಿಲ್ಲ. ಅದನ್ನು ಸ್ಥಾಪಿಸುವ ಕ್ರಮದಲ್ಲಿ ಮೊದಲನೆಯ ಸೂಚನೆಯೇ ‘ರಕ್ಷಣಾ ತಂತ್ರಾಂಶವನ್ನು ನಿಲ್ಲಿಸಿರಿ’ ಎಂಬುದಾಗಿತ್ತು. ನಿಲ್ಲಿಸಿದೆವು. ಮರುದಿನ ಬೆಳಗ್ಗೆ ನೋಡಿದರೆ ಪ್ರತಿಯೊಂದು ಕಡತದ ಹೆಸರಿಗೂ ಅರ್ಥವಿಲ್ಲದ ಬಾಲವೊಂದು ಅಂಟಿಕೊಂಡಿದ್ದಿತು, ಒಂದೂ ತೆರೆಯಲೊಲ್ಲದು. ಇಷ್ಟು ಡಾಲರ್ ಕೊಟ್ಟರೆ ಬೀಗದ ಕೈ ಕೊಡುವೆವೆಂಬ ಇಂಗ್ಲಿಷ್ ಓಲೆಯೊಂದು ಮಾತ್ರ ತೆರೆಯಿತು. ರ‍್ಯಾನ್ಸಮ್‌ವೇರ್ ಎಂಬ ಹೆಸರನ್ನು ನಾವು ಕೇಳಿದ್ದು ಅಂದೇ.

ಹೋದುದರಲ್ಲಿ ನಮ್ಮ ಪಾಠದ ಟಿಪ್ಪಣಿಗಳು ಬಹಳವಾಗಿದ್ದವು. ಅವುಗಳಿಗಾಗಿ ನಾವು ಅಷ್ಟಾಗಿ ಮರುಗಲಿಲ್ಲ. ಅರ್ಧದಷ್ಟು ಕಾಗದದ ಮೇಲಿದ್ದವು, ಮಿಕ್ಕ ಅರ್ಧವನ್ನು ಲೋಕವು ಕೇಳಿರಲೂ ಇಲ್ಲ. ಆದರೆ ನಮ್ಮ ಅತ್ತೆಯವರು ತಿಪಟೂರಿನ ಮನೆಯಲ್ಲಿ ಕುಳಿತು ಹಾಡಿದ ಹನ್ನೊಂದು ಹಸೆಯ ಹಾಡುಗಳು ಅದರಲ್ಲಿದ್ದವು. ನಮ್ಮಾಕೆ ತನ್ನ ಮೊಬೈಲಿನಲ್ಲಿ ಅವನ್ನು ಹಿಡಿದಿಟ್ಟು, ಮೊಬೈಲು ಹಳತಾಯಿತೆಂದು ಕಂಪ್ಯೂಟರಿಗೆ ಸಾಗಿಸಿ, ಮೊಬೈಲನ್ನು ಮಾರಿದ್ದಳು. ಅತ್ತೆಯವರು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಹಣ ಕೊಟ್ಟರೂ ಬೀಗದ ಕೈ ಬಂದೀತೆಂಬ ನಂಬಿಕೆಯಿಲ್ಲದೆ ನಾವು ಕೊಡಲಿಲ್ಲ. ನಮ್ಮಾಕೆ ಅಂದು ನಮ್ಮನ್ನಾಗಲಿ ಅಕ್ಕನ ಮಗನನ್ನಾಗಲಿ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಯೋಗಕ್ಷೇಮವೆಂಬ ಮಾತನ್ನು ನಾವು ದಿನವೂ ಬಳಸುತ್ತೇವೆ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮವೆಂದು ಹಿಂದಿನವರು ಬಿಡಿಸಿ ಹೇಳುತ್ತಿದ್ದರು. ಅಂಗಡಿಯಲ್ಲಿ ಯೋಗಕ್ಕೆ ಬೆಲೆಯುಂಟು, ರಸೀತಿಯುಂಟು. ಕ್ಷೇಮಕ್ಕೂ ಅಲ್ಲಿಯೇ ರಸೀತಿ ದೊರೆಯುವುದೆಂದು ನಂಬಿದ್ದು ನಮ್ಮ ತಪ್ಪು. ಆದಕಾರಣ ಎಷ್ಟು ರಕ್ಷಣೆಯನ್ನು ಕೊಳ್ಳಬೇಕೆಂದು ಕೇಳುವುದಕ್ಕೆ ಮೊದಲು, ಮನೆಯಲ್ಲಿ ಏನಿದೆ, ಯಾವ ಬಾಗಿಲಿನಿಂದ ಹೋದೀತು ಎಂಬುದನ್ನು ನೋಡತಕ್ಕದ್ದು.

ವೈರಸ್ ಎಂಬುದು ಲ್ಯಾಟಿನ್ ಭಾಷೆಯಲ್ಲಿ ವಿಷವನ್ನು ಹೇಳುವ ಶಬ್ದ. ನಮ್ಮ ಸಂಸ್ಕೃತದ ‘ವಿಷ’ಕ್ಕೂ ಅದಕ್ಕೂ ಮೂಲವೊಂದೇ ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಮನೆಗಳಲ್ಲಿಯೂ ಕಛೇರಿಗಳಲ್ಲಿಯೂ ಬಳಸುವ ಚಿಕ್ಕ ಕಂಪ್ಯೂಟರುಗಳಲ್ಲಿ ಹರಡಿದ ಮೊದಲಿನ ವಿಷಗಳಲ್ಲಿ ಒಂದು, 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ ‘ಬ್ರೇನ್’ ಎಂಬುದು. ಅದು ಫ್ಲಾಪಿ ತಟ್ಟೆಯಿಂದ ತಟ್ಟೆಗೆ ದಾಟುತ್ತಿತ್ತು. ಬರೆದವರು ತಮ್ಮ ಹೆಸರು ವಿಳಾಸಗಳನ್ನೂ ಅದರೊಳಗೆ ಇಟ್ಟಿದ್ದರು! ಈಗಿನವರಿಗೆ ಅಂತಹ ದಾಕ್ಷಿಣ್ಯವಿಲ್ಲ.

ಆಂಟಿವೈರಸ್ಸೆಂಬುದು ಮಾಡುವ ಕೆಲಸವನ್ನು ಹೀಗೆ ತಿಳಿಯಬಹುದು. ಬಾಗಿಲಿನ ಕಾವಲುಗಾರನ ಕೈಯಲ್ಲಿ ಗೊತ್ತಿರುವ ಕಳ್ಳರ ಚಹರೆಗಳ ಪಟ್ಟಿಯೊಂದಿರುತ್ತದೆ. ಒಳಬರುವವರನ್ನು ಅದಕ್ಕೆ ಹೋಲಿಸಿ ನೋಡುತ್ತಾನೆ. ಪಟ್ಟಿಯಲ್ಲಿಲ್ಲದ ಹೊಸಬನಾದರೆ ನಡತೆಯನ್ನು ಗಮನಿಸುತ್ತಾನೆ: ಒಂದೇ ಉಸಿರಿನಲ್ಲಿ ಎಲ್ಲ ಬೀರುಗಳನ್ನೂ ತೆರೆಯತೊಡಗಿದರೆ ಹಿಡಿಯುತ್ತಾನೆ. ಪಟ್ಟಿ ದಿನವೂ ಹೊಸದಾಗುತ್ತಿರಬೇಕು. ಇಂತಹ ಕಾವಲುಗಾರನೊಬ್ಬನನ್ನು ಮೈಕ್ರೋಸಾಫ್ಟ್ ಕಂಪೆನಿಯವರು 2012ರ ವಿಂಡೋಸ್ 8ರಿಂದ ಈಚೆಗೆ ಯಂತ್ರದ ಜೊತೆಯಲ್ಲಿಯೇ, ಬೇರೆ ಹಣ ಕೇಳದೆ, ಕಳುಹಿಸುತ್ತಿದ್ದಾರೆ; ಡಿಫೆಂಡರ್ ಎಂದು ಅದರ ಹೆಸರು. ಹೊರಗಿನ ಆಂಟಿವೈರಸ್ ಒಂದನ್ನು ತಂದು ಹಾಕಿದ ಕೂಡಲೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಹೊರಗಿನದನ್ನು ತೆಗೆದುಹಾಕಿದರೆ ಮತ್ತೆ ಎದ್ದು ನಿಲ್ಲುತ್ತದೆ. ಎದುರುಮನೆಯ ಯಜಮಾನರ ಕೆಂಪಕ್ಷರವು ಹೆದರಿಸಿದಂತೆ, ಹಣ ಕಟ್ಟದ ಮಾತ್ರಕ್ಕೆ ಮನೆ ಬಯಲಾಗಿ ಬಿದ್ದಿರುವುದಿಲ್ಲ. ನಮ್ಮ ನಿಮ್ಮಂತಹ ಮನೆಗಳಿಗೆ ಈ ಒಬ್ಬ ಕಾವಲುಗಾರನು ಸಾಕೆಂದೇ ನಮ್ಮ ಅಭಿಪ್ರಾಯ. ಇಬ್ಬರನ್ನು ಒಟ್ಟಿಗೆ ನಿಲ್ಲಿಸುವುದಂತೂ ಕೂಡದು. ಒಬ್ಬರನ್ನೊಬ್ಬರು ಕಳ್ಳರೆಂದು ಹಿಡಿದುಕೊಳ್ಳುತ್ತಾರೆ, ಯಂತ್ರವು ಎತ್ತಿನ ಗಾಡಿಯಂತೆ ನಡೆಯುತ್ತದೆ.

ಹಾಗಾದರೆ ಹಣ ಕೊಟ್ಟು ಕೊಳ್ಳುವುದು ವ್ಯರ್ಥವೇ? ಹಾಗೆಂದು ನಾವು ಹೇಳಲಾರೆವು. ಮನೆಯಲ್ಲಿಯೇ ಕುಳಿತು ಹತ್ತು ಜನರ ಲೆಕ್ಕಪತ್ರ ಬರೆಯುವವರಿದ್ದಾರೆ, ಇಡೀ ಸಂಸಾರದ ನಾಲ್ಕೈದು ಯಂತ್ರಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳಬೇಕಾದವರಿದ್ದಾರೆ, ಕಷ್ಟ ಬಂದಾಗ ಕೇಳಲು ಒಬ್ಬ ಮನುಷ್ಯನಿರಲಿ ಎನ್ನುವವರಿದ್ದಾರೆ. ಅಂತಹವರು ಕೊಳ್ಳಲಿ. ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7 ಮೊದಲಾದ ನಮ್ಮ ದೇಶದ ಕಂಪೆನಿಗಳೇ ಈ ಕೆಲಸದಲ್ಲಿ ಬಹುಕಾಲದಿಂದ ಇವೆ. ಆದರೆ ಭಯದಿಂದ ಕೊಳ್ಳಬಾರದು. ಮೂರು ವರ್ಷಕ್ಕೆ ಒಟ್ಟಿಗೆ ಕೊಳ್ಳುವ ಅವಸರವಂತೂ ಬೇಡ.

ಕಾವಲುಗಾರನಿಗಿಂತ ಗೋಡೆಯ ಬಿರುಕು ಮುಖ್ಯವಾದದ್ದು. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಪಿಡುಗು ನೂರೈವತ್ತು ದೇಶಗಳಲ್ಲಿ ಲಕ್ಷಾಂತರ ಕಂಪ್ಯೂಟರುಗಳಿಗೆ ಬೀಗ ಹಾಕಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಎರಡು ತಿಂಗಳ ಮೊದಲೇ, ಮಾರ್ಚಿಯಲ್ಲಿ, ಮೈಕ್ರೋಸಾಫ್ಟ್ ಕಳುಹಿಸಿದ್ದಿತು. ಹಾಕಿಕೊಂಡವರು ಉಳಿದರು, ‘ಆಮೇಲೆ ನೋಡೋಣ’ ಎಂಬ ಗುಂಡಿಯನ್ನು ಒತ್ತುತ್ತ ಬಂದವರು ಸಿಕ್ಕಿಬಿದ್ದರು. ಈಗ ಅನೇಕ ಮನೆಗಳಲ್ಲಿರುವ ವಿಂಡೋಸ್ 10ಕ್ಕೆ ಇಂತಹ ತಿದ್ದುಪಡಿಗಳು ಸಾಮಾನ್ಯವಾಗಿ ಬರುವುದು 2025ರ ಅಕ್ಟೋಬರ್ 14ಕ್ಕೆ ನಿಂತಿತು. ನೋಂದಾಯಿಸಿಕೊಂಡ ಮನೆಯವರಿಗೆ ಮಾತ್ರ 2026ರ ಅಕ್ಟೋಬರ್ 13ರವರೆಗೆ ಎಂದು ಕಂಪೆನಿಯು ಪ್ರಕಟಿಸಿತು. ಹಳೆಯ ಯಂತ್ರಗಳು ವಿಂಡೋಸ್ 11ನ್ನು ಒಪ್ಪುವುದಿಲ್ಲ. ಎದುರುಮನೆಯವರದು 2014ರ ಯಂತ್ರ. ಅದಕ್ಕೆ ಮೂರು ವರ್ಷದ ಆಂಟಿವೈರಸ್ ಕೊಳ್ಳುವುದೆಂದರೆ, ಹಿಂಗೋಡೆ ಬಿದ್ದ ಮನೆಗೆ ಮುಂಬಾಗಿಲಲ್ಲಿ ಹೊಸ ಬೀಗ ಜಡಿದಂತೆ. ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ಮಾಡಬೇಡಿರೆಂದೂ, ಸಾಧ್ಯವಾದರೆ ಪುಕ್ಕಟೆಯಾಗಿಯೇ (ಇದು ಕದ್ದದ್ದಲ್ಲ) ದೊರೆಯುವ ಉಬುಂಟುವನ್ನು ಹಾಕಿಸಿರೆಂದೂ ಹೇಳಿದೆವು. ಅವರಿಗೆ ಅದು ಅಷ್ಟಾಗಿ ರುಚಿಸಲಿಲ್ಲ.

ಇನ್ನೊಂದು ಬಾಗಿಲನ್ನು ನಮ್ಮವರು ಬಾಗಿಲೆಂದೇ ಎಣಿಸುವುದಿಲ್ಲ. ಇಂಟರ್‌ನೆಟ್ಟನ್ನು ಮನೆಯೊಳಕ್ಕೆ ತರುವ ಆ ಮಿಣುಕುವ ಡಬ್ಬಿ, ಮೋಡೆಮು. 2017ರ ಜುಲೈ ಕೊನೆಯಲ್ಲಿ ನಮ್ಮ ಕರ್ನಾಟಕದಲ್ಲಿಯೇ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಚಂದಾದಾರರ ಸಾವಿರಾರು ಮೋಡೆಮುಗಳು ಇದ್ದಕ್ಕಿದ್ದಂತೆ ಕೆಟ್ಟು ಕುಳಿತವು. ಕಾರಣವನ್ನು ಹುಡುಕಿದರೆ, ಕಾರ್ಖಾನೆಯಿಂದ ಬಂದಾಗ ಇದ್ದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನೇ ಜನರು ಹಾಗೆಯೇ ಬಿಟ್ಟಿದ್ದರು. ಊರಿಗೆಲ್ಲ ಒಂದೇ ಬೀಗದ ಕೈ! ದುಷ್ಟ ತಂತ್ರಾಂಶವೊಂದು ಆ ಕೈಯಿಂದಲೇ ಒಳಹೊಕ್ಕಿತ್ತು. ಪಾಸ್‌ವರ್ಡನ್ನು ಬದಲಾಯಿಸಿಕೊಳ್ಳಿರೆಂದು ನಿಗಮವು ಚಂದಾದಾರರನ್ನು ಬೇಡಿಕೊಳ್ಳಬೇಕಾಯಿತು. ಯಾವ ಕಂಪೆನಿಯ ಆಂಟಿವೈರಸ್ಸೂ ಈ ಬಾಗಿಲನ್ನು ನಮಗಾಗಿ ಮುಚ್ಚಿಕೊಡದು. ಕಾಸು ಖರ್ಚಿಲ್ಲದೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸವಾದುದರಿಂದಲೇ ಯಾರೂ ಮಾಡುವುದಿಲ್ಲವೆಂದು ತೋರುತ್ತದೆ.

ಮಕ್ಕಳು ಆಡುವ ಖಾತೆಗೂ ಯಜಮಾನನ ಖಾತೆಗೂ ಭೇದವಿರಲಿ. ದಿನಬಳಕೆಯ ಖಾತೆಗೆ ಹೊಸ ತಂತ್ರಾಂಶ ಸ್ಥಾಪಿಸುವ ಅಧಿಕಾರ ಬೇಡ. ಪಾಸ್‌ವರ್ಡು ಉದ್ದವಾಗಿರಲಿ, ಬ್ಯಾಂಕಿನದು ಬೇರೆಲ್ಲಿಯೂ ಬಳಕೆಯಾಗದಿರಲಿ. ಮರೆವು ಹೆಚ್ಚಾಗಿದ್ದರೆ ನೋಟುಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡುವುದು ದೋಷವಲ್ಲ. ಲಾಹೋರಿನ ಕಳ್ಳನಾಗಲಿ ಲಂಡನ್ನಿನ ಕಳ್ಳನಾಗಲಿ ರಾಮಮೂರ್ತಿ ನಗರದ ನಮ್ಮ ಬೀರುವಿಗೆ ಬರಲಾರನು.

ಇವೆಲ್ಲವನ್ನೂ ಮಾಡಿಯೂ ಕೆಡುವ ದಾರಿಯೊಂದುಂಟು. ಅದು ನಮ್ಮ ಬಾಯಿ. ಬ್ಯಾಂಕಿನವರೆಂದೋ ಪೊಲೀಸರೆಂದೋ ಕಂಪ್ಯೂಟರ್ ಕಂಪೆನಿಯವರೆಂದೋ ಹೇಳಿಕೊಂಡು ಒಬ್ಬನು ಫೋನು ಮಾಡುತ್ತಾನೆ. ದೂರದಿಂದಲೇ ಯಂತ್ರವನ್ನು ನಡೆಸುವ ತಂತ್ರಾಂಶವೊಂದನ್ನು ಹಾಕಿಕೊಳ್ಳಿರೆನ್ನುತ್ತಾನೆ. ‘ಎನಿಡೆಸ್ಕ್’ ಎಂಬುದನ್ನು ಹೀಗೆ ದುರುಪಯೋಗಪಡಿಸುತ್ತಿದ್ದಾರೆಂದು ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಎಚ್ಚರಿಸಿತು. ತಂತ್ರಾಂಶದಲ್ಲಿ ದೋಷವಿಲ್ಲ, ಮನೆಯ ಬೀಗದ ಕೈಯನ್ನು ನಾವೇ ಕೊಟ್ಟಿರುತ್ತೇವೆ. ಹೀಗೆ ಕೊಟ್ಟವರ ಪಾಡೇನು? ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು, ಬ್ಯಾಂಕಿನದೂ ಅಲ್ಲದ ಗ್ರಾಹಕನದೂ ಅಲ್ಲದ ತಪ್ಪಿನಿಂದ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲವೆಂದು ಹೇಳಿತು. ಗುಟ್ಟನ್ನು ತಾನೇ ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ ಎಂದಿತು. ಆದುದರಿಂದ ನಾಚಿಕೆಯಿಂದ ಒಂದು ರಾತ್ರಿ ಮುಚ್ಚಿಟ್ಟುಕೊಂಡು ಕೂರುವುದು ಎಲ್ಲಕ್ಕಿಂತ ದುಬಾರಿಯಾದ ತಪ್ಪು. 1930 ಎಂಬ ಸಂಖ್ಯೆಗೆ ಆ ಕ್ಷಣವೇ ಫೋನು ಮಾಡತಕ್ಕದ್ದು; ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವಷ್ಟರಲ್ಲಿ ತಡೆಹಿಡಿಯುವ ಏರ್ಪಾಡು ಅದರ ಹಿಂದಿದೆ. ಆ ಸಂಖ್ಯೆಯನ್ನು ನಮ್ಮಾಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸಿನವನ ಸಂಖ್ಯೆಯ ಕೆಳಗೆ, ಬರೆದಿದ್ದಾಳೆ.

ಕಡೆಯದಾಗಿ, ಮೊದಲು ಹೇಳಬೇಕಾಗಿದ್ದ ಮಾತು. ಕಾವಲು ಎಷ್ಟಿದ್ದರೂ ಒಂದು ದಿನ ತಪ್ಪೀತು. ತಪ್ಪದಿದ್ದರೂ ಯಂತ್ರವೇ ಸತ್ತೀತು. ಹೋದರೆ ಮತ್ತೆ ಬಾರದ ವಸ್ತುವಿಗೆ ಎರಡನೆಯ ಪ್ರತಿ ಬೇಕು. ಆ ಪ್ರತಿಯು ಕಂಪ್ಯೂಟರಿಗೆ ಸದಾ ಅಂಟಿಕೊಂಡಿರಬಾರದು. ಅಂಟಿಕೊಂಡಿದ್ದರೆ ಬೀಗ ಹಾಕುವವನು ಅದಕ್ಕೂ ಹಾಕುತ್ತಾನೆ. ಹೊರಗಿನ ಹಾರ್ಡ್ ಡಿಸ್ಕೊಂದನ್ನು ತಿಂಗಳಿಗೊಮ್ಮೆ ಜೋಡಿಸಿ, ಪ್ರತಿ ಮಾಡಿ, ಕಳಚಿ ಬೀರುವಿನಲ್ಲಿಡತಕ್ಕದ್ದು. ಇಷ್ಟನ್ನು ನಾವು 2019ಕ್ಕೆ ಮೊದಲು ಮಾಡಿದ್ದರೆ ಆ ಇಂಗ್ಲಿಷ್ ಓಲೆಯನ್ನು ಓದಿ ನಕ್ಕುಬಿಡಬಹುದಾಗಿತ್ತು. ಹನ್ನೊಂದು ಹಾಡುಗಳಲ್ಲಿ ನಾಲ್ಕು ತಿಪಟೂರಿನಲ್ಲಿರುವ ನಮ್ಮ ನಾದಿನಿಗೆ ನೆನಪಿವೆ. ಆಕೆ ಹಾಡಿದುದನ್ನು ಹಿಡಿದಿಟ್ಟಿದ್ದೇವೆ. ಧಾಟಿ ಅದೇ, ಧ್ವನಿ ಮಾತ್ರ ಬೇರೆ.

ಎದುರುಮನೆಯ ಯಜಮಾನರು ಆಂಟಿವೈರಸ್ಸಿಗೆ ಹಣ ಕಟ್ಟಲಿಲ್ಲ. ಮರುದಿನವೇ ಎಸ್.ಪಿ. ರಸ್ತೆಗೆ ಹೋಗಿ ಹಾರ್ಡ್ ಡಿಸ್ಕೊಂದನ್ನು ಚೌಕಾಸಿ ಮಾಡಿ ತಂದರು. ಮೊಮ್ಮಕ್ಕಳ ಚಿತ್ರಗಳೆಲ್ಲ ಪ್ರತಿಯಾಗುವಷ್ಟರಲ್ಲಿ ರಾತ್ರಿ ಒಂಬತ್ತು ಗಂಟೆಯಾಯಿತು. ಅವರ ಮನೆಯಾಕೆ ನಮಗೆ ಎರಡು ಸಲ ಕಾಫಿ ಕೊಟ್ಟರು. ಮೋಡೆಮಿನ ಪಾಸ್‌ವರ್ಡು ಮಾತ್ರ ಬಾಕಿ ಉಳಿದಿದೆ. ಡಬ್ಬಿಯ ತಳದ ಚೀಟಿಯಲ್ಲಿ ಅಚ್ಚಾಗಿರುವ ಅಕ್ಷರಗಳು ಎಷ್ಟು ಸಣ್ಣವೆಂದರೆ, ನಮ್ಮಿಬ್ಬರ ಕನ್ನಡಕಗಳೂ ಸೇರಿ ಅವನ್ನು ಓದಲಾಗಲಿಲ್ಲ. ಭಾನುವಾರ ಅವರ ತಂಗಿಯ ಮೊಮ್ಮಗನು ಕಲ್ಕೆರೆಯಿಂದ ಬರುವನಂತೆ.