ಆ ಕಹಿ ತಪ್ಪಲ್ಲ ಕಣ್ರೋ

ವೈನ್ ಮತ್ತು ಊಟ, ಭಾಗ 4

ಹೋದ ವಾರ ಸ್ಟೋರಿಯಲ್ಲಿ ಹಾಕಿದ್ದ ಹಸಿರು ಬಾಟಲಿ ನೋಡಿ, ಯುರೋಪಿನಲ್ಲಿ ಓದ್ತಿರೋ ನಮ್ಮ ಬ್ಯಾಚಿನ ಇಬ್ಬರು ಒಂದೇ ಮಾತು ಕಳಿಸಿದ್ರು: "ಕುಡಿದು ನೋಡಿದೀನಿ. ಬರೀ ಹುಳಿ, ಕೊನೇಲಿ ಕಹಿ. ದುಡ್ಡು ದಂಡ."

ನಾನು ಒಪ್ಪಲ್ಲ. ಯಾಕೆ ಅಂತ ಹೇಳ್ತೀನಿ, ಓದಿ.

ಅದು ವೆರ್ದಿಕ್ಕಿಯೊ. ಇಟಲಿಯ ಪೂರ್ವ ಕರಾವಳಿಯ ಮಾರ್ಕೆ ಪ್ರಾಂತ್ಯದ ಬಿಳಿ ವೈನ್. ನಾನು ಓದೋಕೆ ಬಂದಿರೋ ಅಂಕೋನಾ ಈ ಪ್ರಾಂತ್ಯದ ರಾಜಧಾನಿ. ದ್ರಾಕ್ಷಿ ಬೆಳೆಯೋ ಯೇಸಿಯ ಗುಡ್ಡಗಳು ಇಲ್ಲಿಗೆ ಹತ್ತಿರಾನೇ. ಹೆಸರಿನೊಳಗೇ 'ವೆರ್ದೆ' ಇದೆ, ಅಂದ್ರೆ ಹಸಿರು. ಬೆಳಕಿಗೆ ಹಿಡಿದ್ರೆ ತೆಳು ಹಳದಿಯಲ್ಲಿ ಒಂಚೂರು ಹಸಿರು ಕಾಣುತ್ತೆ (ಮೂರನೇ ಫೋಟೋ). ಮೂಗಿಗೆ ನಿಂಬೆ, ಹಸಿರು ಸೇಬು, ಹಿಂದೆಲ್ಲೋ ಸೋಂಪು. ಬಾಯಲ್ಲಿ ಸಿಹಿ ಇಲ್ಲ, ಚುರುಕಾದ ಹುಳಿ. ನುಂಗಿದ ಮೇಲೆ ಕಹಿ ಬಾದಾಮಿ ಕಚ್ಚಿದ ಹಾಗೆ ಒಂದು ರುಚಿ ನಿಲ್ಲುತ್ತೆ.

ಗಮನಿಸಿ, ಅದು ಕಹಿ, ಒಗರಲ್ಲ. ಒಗರು ಅಂದ್ರೆ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದುಕೊಳ್ಳೋದು. ಅದು ಕೆಂಪು ವೈನಿನ ಗುಣ. ಎರಡಕ್ಕೂ ಕನ್ನಡದಲ್ಲಿ ಬೇರೆ ಬೇರೆ ಪದ ಇರೋವಾಗ ಕಲಸಿ ಹೇಳೋದ್ಯಾಕೆ?

ಈಗ ನಿಮ್ಮ ತಕರಾರಿಗೆ ಬರ್ತೀನಿ. ಫ್ರಿಜ್ಜಿನಿಂದ ತೆಗೆದು ಹಾಗೇ ಸುರಿದುಕೊಂಡಿರ್ತೀರಿ, ಜೊತೆಗೆ ತಿನ್ನೋಕೆ ಏನೂ ಇರಲ್ಲ. ತುಂಬಾ ತಣ್ಣಗಿದ್ರೆ ಪರಿಮಳ ಏಳೋದೇ ಇಲ್ಲ, ಹುಳಿ ಮತ್ತು ಕಹಿ ಮಾತ್ರ ಉಳಿಯುತ್ತೆ. 10ರಿಂದ 12 ಡಿಗ್ರಿಗೆ ಬರೋವರೆಗೆ ಮೇಜಿನ ಮೇಲಿಡಿ. ಆಮೇಲೆ ಏನಾದ್ರೂ ಕರಿದದ್ದು ತನ್ನಿ.

ಇಲ್ಲಿ ಆಸ್ಕೊಲಿ ಊರಿನ ಆಲಿವ್ ಅಂತ ಒಂದು ತಿಂಡಿ ಇದೆ. ದಪ್ಪ ಹಸಿರು ಆಲಿವಿನ ಬೀಜ ತೆಗೆದು, ಒಳಗೆ ಮಾಂಸದ ಹೂರಣ ತುಂಬಿ, ಮೊಟ್ಟೆ ಮತ್ತು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರೀತಾರೆ. ಎರಡು ತಿಂದ್ರೆ ಬಾಯೆಲ್ಲ ಎಣ್ಣೆ, ಉಪ್ಪು. ಆಗ ಒಂದು ಗುಟುಕು ವೆರ್ದಿಕ್ಕಿಯೊ. ಹುಳಿ ಜಿಡ್ಡನ್ನ ತೊಳೀತು. ಕಹಿ ಹೋಗಿ ಆಲಿವಿನ ಕಹಿ ಜೊತೆ ಸೇರಿಕೊಳ್ತು. ನಾನು ಮೊದಲ ಸಲ ಹೀಗೆ ಕುಡಿದಾಗ ಬಾಟಲಿ ಬದಲಾಯಿಸಿದ್ರೇನೋ ಅಂದುಕೊಂಡೆ!

ಬ್ರೊದೆತ್ತೊ ಇನ್ನೊಂದು. ಅಂಕೋನಾದ ಮೀನಿನ ಸಾರು, ಸಂಪ್ರದಾಯದ ಪ್ರಕಾರ 13 ಬಗೆಯ ಮೀನು ಬೀಳಬೇಕು. ಟೊಮ್ಯಾಟೊ ಜೊತೆ ವಿನೆಗರ್ ಬೇರೆ ಹಾಕ್ತಾರೆ. ಇಷ್ಟು ಹುಳಿ ಊಟದ ಪಕ್ಕ ಮೆತ್ತಗಿನ ವೈನ್ ಇಟ್ರೆ ಅದು ನೀರು ನೀರು ಅನಿಸುತ್ತೆ. ಇದು ಮಾತ್ರ ಜಗ್ಗಲ್ಲ.

ಜಗ್ಗೋದು ಖಾರಕ್ಕೆ. ಅಮ್ಮ ಕಳಿಸಿದ್ದ ಮಸಾಲೆ ಪುಡಿ ಹಾಕಿ ಒಂದಿನ ಮೀನು ಹುರಿದು, ಜೊತೆಗೆ ಇದನ್ನೇ ಇಟ್ಟಿದ್ದೆ. ಮೀನಿನ ಖಾರ ಎರಡರಷ್ಟಾಯ್ತು, ವೈನಿನ ಕಹಿ ನಾಲ್ಕರಷ್ಟಾಯ್ತು. ರೂಮ್‌ಮೇಟ್ ಸುಮ್ಮನೆ ಎದ್ದು ಹೋಗಿ ಮೊಸರು ತಂದಳು. ಮೆಣಸಿನಪುಡಿ ಬಿಟ್ಟು, ರವೆ, ಉಪ್ಪು, ನಿಂಬೆ ಮಾತ್ರ ಹಚ್ಚಿ ಹುರಿದ್ರೆ ಚೆನ್ನಾಗಿ ಹೊಂದುತ್ತೆ, ಮಾಡಿ ನೋಡಿದೀನಿ.

ಬಾಟಲಿ ಚೆಂದ ಅಂತ ಕೇಳಿದವರಿಗೆ: ಗ್ರೀಕರ ಹೂಜಿಯ ಹಾಗಿರೋ ಆ ಆಕಾರ 1953ರಲ್ಲಿ ಫಾತ್ಸಿ ಬತ್ತಾಲ್ಯಾ ಕಂಪನಿಗಾಗಿ ವಾಸ್ತುಶಿಲ್ಪಿ ಆಂತೋನಿಯೊ ಮಾಯೊಕ್ಕಿ ಮಾಡಿದ್ದು. ನನಗನಿಸೋದು, ಅದರಿಂದ ಉಪಕಾರ ಎಷ್ಟೋ ಅಪಕಾರಾನೂ ಅಷ್ಟೇ. ಬಾಟಲಿ ಶೋಕೇಸಿಗೆ ಹೋಯ್ತು, ಒಳಗಿನ ವೈನ್ ಅಗ್ಗದ್ದು ಅನ್ನೋ ಹೆಸರು ಉಳೀತು. ಒಳ್ಳೇ ವೆರ್ದಿಕ್ಕಿಯೊ ಹತ್ತು ವರ್ಷ ಇಟ್ರೂ ಹಾಳಾಗಲ್ಲ, ಬಿಳಿ ವೈನಿಗೆ ಅದು ಸಣ್ಣ ಮಾತಲ್ಲ.

ಕುಡಿಯದವರು, ಇನ್ನೂ ವಯಸ್ಸಾಗದವರು ಬೇಜಾರಾಗಬೇಡಿ. ಆ ಆಲಿವಿಗೆ ನಿಂಬೆ ಹಿಂಡಿಕೊಂಡ್ರೂ ಅರ್ಧ ಕಥೆ ಅರ್ಥವಾಗುತ್ತೆ.

ಭಾಗ 5 ಮತೇಲಿಕಾದಿಂದ. ಇದೇ ದ್ರಾಕ್ಷಿ, ಆದರೆ ಸಮುದ್ರದ ಗಾಳಿ ತಾಗದ ಬೆಟ್ಟದ ಕಣಿವೆ. ಅಲ್ಲಿನ ಹುಳಿ ಇನ್ನೂ ಜೋರು, ಹುಷಾರು.

#ವೆರ್ದಿಕ್ಕಿಯೊ #ವೈನ್‌ಮತ್ತುಊಟ #ಅಂಕೋನಾಡೈರಿ